ಗೇರುಮರದ ಕೊನೆಯ ಬೀಜ

ಕಡಲ ದಡದ ಗುಡ್ಡದ ಮೇಲೆ ಒಂದು ಗೇರುಮರವಿತ್ತು. ತನ್ನ ಮಕ್ಕಳು ತನ್ನ ಬುಡದಲ್ಲೇ ಮೊಳೆಯಬೇಕೆಂಬುದು ಅದರ ಹಟ. ಆದರೆ ಮೂರು ವರ್ಷದಿಂದ ಮೊಳೆತ ಸಸಿಗಳೆಲ್ಲ ಕಾದ ಮುರಕಲ್ಲಿನ ಮೇಲೆ ಬಾಡಿ ಸತ್ತವು. ಈ ವರ್ಷವಂತೂ ಹೂ ಬಿಟ್ಟ ಹೊತ್ತಿಗೇ ಅಕಾಲದ ಮಳೆ ಹೊಡೆದು ಹೂವೆಲ್ಲ ಕರಟಿತು. ಉಳಿದದ್ದು ಒಂದೇ ಹಣ್ಣು, ಅದರ ತುದಿಗೆ ಒಂದೇ ಬೀಜ.

ಸಂಜೆ ಬಾವಲಿ ಬಂದು ಆ ಹಣ್ಣಿಗೆ ಬಾಯಿ ಹಾಕಿತು.

"ನಿಲ್ಲಪ್ಪ," ಎಂದಿತು ಮರ. "ಹಣ್ಣು ನೀನು ತಿನ್ನು. ಬೀಜವನ್ನು ಮಾತ್ರ ಘಟ್ಟದ ಮೇಲೆ ಹಾಕಬೇಕು."

"ಆ ಚಳಿಯಲ್ಲಿ ಗೇರು ಬೆಳೆಯುವುದಿಲ್ಲ, ಅದೂ ಒಂದು ಊರೇ ಎಂದು ಹೀಯಾಳಿಸುತ್ತಿದ್ದವಳು ನೀನೇ ಅಲ್ಲವೇ, ಅಕ್ಕಾ?"

"ಹೌದು. ಆ ಚಳಿ ಈಗ ಅಲ್ಲಿಲ್ಲವಂತೆ. ನನ್ನನ್ನು ಆಮೇಲೆ ಹಂಗಿಸು, ಮೊದಲು ಮಗುವನ್ನು ಎತ್ತಿಕೋ."

ಮರ ತೊಟ್ಟು ಸಡಿಲಿಸಿತು. ಬಾವಲಿ ಹಣ್ಣು ಕಚ್ಚಿಕೊಂಡು ಹಾರಿಹೋಯಿತು. ಅದು ಮರಳುವವರೆಗೆ ಮರಕ್ಕೆ ಜೀವದಲ್ಲಿ ಜೀವವಿರಲಿಲ್ಲ.

ಮೂರನೆಯ ದಿನ ಬಾವಲಿ ಬಂತು. "ತುತ್ತತುದಿಯಲ್ಲಿ ಇಟ್ಟು ಬಂದೆ, ಅಕ್ಕಾ. ಅದಕ್ಕಿಂತ ಕೆಳಗೆಲ್ಲ ಆಗಲೇ ಸೆಕೆ."

"ಮಗು ಅತ್ತಿತೇ?"

"ಅಳಲಿಲ್ಲ. ಸೆಕೆ ಇಲ್ಲಿಗೂ ಹತ್ತಿ ಬಂದರೆ ನನ್ನ ಮಕ್ಕಳನ್ನು ಎಲ್ಲಿಗೆ ಕಳಿಸಲಿ, ಅಮ್ಮನನ್ನು ಕೇಳಿ ಬಾ ಎಂದಿತು."

ಮರ ಘಟ್ಟದತ್ತ ನೋಡಿತು. ಆ ತುದಿಯಿಂದಾಚೆಗೆ ಬರೀ ಆಕಾಶವಿತ್ತು.

"ಏನು ಹೇಳಲಿ, ಅಕ್ಕಾ?"

ಮರ ಮೆಲ್ಲಗೆ ಹೇಳಿತು: "ನೀನು ಬಂದಾಗ ಅಮ್ಮ ನಿದ್ದೆ ಹೋಗಿದ್ದಳು ಎಂದು ಹೇಳಪ್ಪ."