ಗಾಣಿಗನ ಮಗನ ಮುಷ್ಟಿ

"ತೆರಿಗೆ ಬಾಕಿ ಇರೋದು ನಂದು ಬುದ್ಧಿ. ಮನೆ ಇರೋದು ನಮ್ಮತ್ತೇದು. ಎರಡಕ್ಕೂ ಯಾಕೆ ಗಂಟು ಹಾಕ್ತಾರೆ ಈ ತೆರಿಗೆಯೋರು? ಅತ್ತೆ ಉಯಿಲು ಬರೆದು ನಾಳೆ ಆ ಮನೆ ನನ್ನ ಹೆಸರಿಗೆ ಬಂದ್ರೆ, ನಾನು ಹೊಸಿಲು ದಾಟೋಕೆ ಮುಂಚೆ ಅವರ ಬೀಗ ಬಿದ್ದಿರುತ್ತಂತೆ. ಇದು ಯಾವ ನ್ಯಾಯ?"

ಚನ್ನಂಜಪ್ಪ ಶಾಮಿಯಾನ ಬಾಡಿಗೆಗೆ ಕೊಡುವವನು. ಊರಿನ ಮದುವೆಗಳಿಗೆಲ್ಲ ನೆರಳು ಕೊಟ್ಟ; ತೆರಿಗೆ ಮಾತ್ರ ಕೊಡಲಿಲ್ಲ. ತಾಯಿ ಇಲ್ಲದ ಅವನನ್ನು ಎತ್ತಿ ಸಾಕಿದವಳು ಸೋದರತ್ತೆ. ಯುಗಾದಿಯ ದಿನ ಒಬ್ಬಟ್ಟು ಬಡಿಸುತ್ತಾ ಅವಳು, "ಈ ಮನೆ ನಿಂಗೇ ಕಣೋ," ಅಂದಳು. ಅಂದದ್ದೇ ತಡ, ಇವನು ಆ ಬೀದಿ ಕಡೆ ತಲೆ ಹಾಕುವುದನ್ನೇ ಬಿಟ್ಟ. ಕಣ್ಣಿಗೆ ಬಿದ್ದರೆ ತಾನೆ ಬರೆದುಕೊಡುವುದು ಎಂಬುದು ಅವನ ಲೆಕ್ಕ.

ಮಠದ ಸ್ವಾಮಿಗಳು ಎಲ್ಲ ಕೇಳಿಸಿಕೊಂಡರು.

"ಆಮೇಲೆ ಅತ್ತೇನ ನೋಡಲೇ ಇಲ್ವಾ?"

"ಹೆಂಗೆ ನೋಡ್ಲಿ ಬುದ್ಧಿ, ಬರೆದುಬಿಟ್ರೆ?"

"ಕೂತ್ಕೊ," ಅಂದರು ಸ್ವಾಮಿಗಳು. ಆಮೇಲೆ ಕತೆ ಹೇಳಿದರು.

ಒಬ್ಬ ಗಾಣಿಗ ಇದ್ದ. ಅವನಿಗೆ ಒಬ್ಬನೇ ಮಗ. ಅಪ್ಪ ಎಣ್ಣೆ ತೆಗೀತಿದ್ದ, ಮಗ ಪರವೂರಿಗೆ ಹೋಗಿ ಮಾರ್ತಿದ್ದ. ದಾರೀಲಿ ಸುಂಕದ ಕಟ್ಟೆ. ಮಗ ಕೊಡಗಳನ್ನ ಹುಲ್ಲಿನ ಕೆಳಗೆ ಬಚ್ಚಿಟ್ಟು ಗಾಡಿ ದಾಟಿಸೋನು. ಒಂದು ದಿನ ಒಂದು ಕೊಡ ಬಿರುಕು ಬಿಟ್ಟಿತ್ತು. ಕಟ್ಟೆಯಿಂದ ಅವನ ಮನೆ ಬಾಗಿಲ ತನಕ ಎಣ್ಣೆ ಗೆರೆ ಎಳೆದಿತ್ತು. ಸುಂಕದವರಿಗೆ ಯಾರನ್ನೂ ದಾರಿ ಕೇಳೋ ಶ್ರಮ ಬೀಳಲಿಲ್ಲ.

ಹಳೇದು ಹೊಸದು ಎಲ್ಲ ಸೇರಿ ದೊಡ್ಡ ಬಾಕಿ ಆಯ್ತು. ಅರಮನೆಯೋರು ಡಂಗುರ ಸಾರಿಸಿದರು: ಬಾಕಿ ತೀರೋ ತನಕ ಇವನ ಕೈಗೆ ಏನು ಬಂದರೂ ಅದು ಮೊದಲು ಅರಮನೆಗೆ. ಊರೆಲ್ಲ ಕೇಳಿತು. ಅಪ್ಪ ಹಾಸಿಗೆ ಹಿಡಿದಿದ್ದ, ಕಿವಿಯೂ ಮಂದ. ಅವನಿಗೆ ಕೇಳಲಿಲ್ಲ. ಮಗನೂ ಹೇಳಲಿಲ್ಲ.

ಅಪ್ಪನಿಗೆ ಕೊನೆಗಾಲ ಬಂತು. ಆ ಊರಲ್ಲಿ ಆಸ್ತಿ ಕೊಡೋರು ತಗೊಳ್ಳೋರ ಅಂಗೈಗೆ ನೀರಿನ ಧಾರೆ ಎರೀಬೇಕು. ಸುಂಕದವನೊಬ್ಬ ಅದನ್ನ ಕಣ್ಣಾರೆ ನೋಡಬೇಕು. ಸುಂಕದವನು ಬಂದು ಬಾಗಿಲಲ್ಲಿ ನಿಂತ. ಮುದುಕ ಗೋಡೆಗೆ ಒರಗಿ ಕೂತು ಚೊಂಬು ಎತ್ತಿದ.

"ಕೈ ಒಡ್ಡಪ್ಪ. ಈ ಗಾಣ ಇನ್ನು ನಿಂದು."

ಮಗ ಬಾಗಿಲ ಕಡೆ ನೋಡಿದ. ಡಂಗುರದ ಮಾತು ನೆನಪಾಯ್ತು. 'ಕೈಗೆ ಬಂದದ್ದು' ಅಂದಿದ್ದರಲ್ಲ? ಕೈಗೇ ಬರದಿದ್ದರೆ? ಮುಷ್ಟಿ ಬಿಗಿ ಮಾಡಿದ.

ಅಪ್ಪ ನೀರು ಬಿಟ್ಟ. ಅದು ಮುಷ್ಟಿ ಮೇಲೆ ಬಿದ್ದು ನೆಲಕ್ಕೆ ಹರೀತು. ಕಣ್ಣು ಸರಿಯಾಗಿ ಕಾಣ್ತಿಲ್ಲ ಅಂದ್ಕೊಂಡು ಮುದುಕ ಮಗನ ಕೈ ಮುಟ್ಟಿ ನೋಡಿದ. ಗಟ್ಟಿ ಮುಷ್ಟಿ. ಬೆರಳು ಬಿಡಿಸೋಕೆ ನೋಡಿದ. ಆಗಲಿಲ್ಲ.

"ಬೇಡವೇನಪ್ಪ?"

ಸುಂಕದವನು ಕೇಳಿಸ್ಕೊಳ್ತಾ ಇದ್ದ. ಮಗ ಅಂದ, "ಬೇಡ."

ಮುದುಕ ಚೊಂಬು ಕೆಳಗಿಟ್ಟ. ಒದ್ದೆ ಆಗಿದ್ದ ಮಗನ ಮುಷ್ಟೀನ ತನ್ನ ಪಂಚೆ ತುದೀಲಿ ಒರೆಸಿದ. ಆಮೇಲೆ ಗೋಡೆ ಕಡೆ ತಿರುಗಿ ಮಲಗಿದ. ಮತ್ತೆ ಈ ಕಡೆ ತಿರುಗಲಿಲ್ಲ.

ತಿಥಿ ಕಳೀತು. ಸುಂಕದವನು ಗಾಣ ಕೀಳಿಸೋಕೆ ಆಳುಗಳ ಜೊತೆ ಬಂದ. ಸುಂಕದವನ ಮುಂದೆ ಸುಖದುಃಖ ಹೇಳ್ಕೊಬಾರದು ಅಂತ ಗಾದೆ ಇದೆ. ಮಗ ಹೇಳ್ಕೊಂಡ. "ನಾನು ಕೈ ಒಡ್ಡಲೇ ಇಲ್ಲ. ನೀವೇ ನೋಡಿದಿರಿ."

"ನೋಡ್ದೆ. ಆದ್ರೆ ಅವನಿಗಿದ್ದ ಮಗ ನೀನೊಬ್ಬನೇ ಕಣಯ್ಯ. ಕೈ ಒಡ್ಡಿದ್ರೂ ಗಾಣ ನಿಂದೇ, ಮುಚ್ಚಿದ್ರೂ ನಿಂದೇ. ನಿಂದಾದ್ದಕ್ಕೇ ನಮ್ದು."

ಗಾಣ ಮಾರಿದರು. ಬಾಕಿ ಮುರ್ಕೊಂಡು, ಉಳಿದದ್ದನ್ನ ತಂದು ಅವನ ಮುಂದೆ ಇಟ್ಟರು. ಕೈ ಒಡ್ಡಿದ್ದರೂ ಅಷ್ಟೇ ಸಿಗ್ತಿತ್ತು.

ಸ್ವಾಮಿಗಳು ಕತೆ ಮುಗಿಸಿದರು. ಚನ್ನಂಜಪ್ಪನಿಗೆ ತಡೆಯಲಾಗಲಿಲ್ಲ.

"ಹಂಗಾದ್ರೆ ಮುಷ್ಟಿ ಹಿಡಿದು ಅವನು ಕಳ್ಕೊಂಡಿದ್ದಾದ್ರೂ ಏನು ಬುದ್ಧಿ?"

"ಗಾಣದ ಮೇಲೆ ಅರಮನೆಯ ಹಕ್ಕಿತ್ತು ಚನ್ನಂಜಪ್ಪ, ಅಪ್ಪ ಎರೆದ ನೀರಿನ ಮೇಲೆ ಇರಲಿಲ್ಲ."

ಚನ್ನಂಜಪ್ಪ, ಸ್ವಾಮಿಗಳು ಕೊಟ್ಟ ವಿಭೂತಿಯನ್ನು ಹಣೆಗೆ ಹಚ್ಚಿಕೊಳ್ಳುವುದನ್ನೂ ಮರೆತು ಎದ್ದು ಬಂದ.

ಮನೆಯಲ್ಲಿ ಹೆಂಡತಿ ತಟ್ಟೆ ಇಟ್ಟಳು. ಅವನು ಉಣ್ಣದೆ ಕೂತಿದ್ದ. "ನಾಳೆ ಅತ್ತೆ ಮನೆಗೆ ಹೋಗಿ ಬರ್ತೀನಿ," ಅಂದ.

ಅವಳು ಸಾರಿನ ಸೌಟನ್ನು ಅಲ್ಲೇ ಹಿಡಿದುಕೊಂಡು ನಿಂತಳು.

"ಅವರೇ ಫೋನ್ ಮಾಡಿದ್ರು ಕಣ್ರೀ. ನಿಮ್ಮ ಬಾಕಿ ವಿಷಯ ನಾನೇ ಹೋದ ವಾರ ಅವರ ಹತ್ರ ಬಾಯಿ ಬಿಟ್ಟಿದ್ದೆ. ಮನೇನ ಅಲ್ಲೇ ಬಾಡಿಗೆಗಿದ್ದ ಟೈಲರಿಗೆ ಬರೆದುಕೊಟ್ಬಿಟ್ರಂತೆ. 'ಇನ್ನು ನನ್ನ ಹತ್ರ ಕೊಡೋಕೆ ಏನೂ ಇಲ್ಲ, ಹೆದರ್ಕೊಬೇಡ, ಒಂದ್ಸಲ ಬಂದು ಹೋಗು ಅಂತ ಹೇಳವ್ವ' ಅಂದ್ರು."