ಒತ್ತೆ ಬಿದ್ದ ಬಿಲ್ಲೆ

ದಾವಣಗೆರೆಯ ನಮ್ಮ ಓಣಿಗೆ ಮಿಲ್ಲಿನ ಭೋಂಗಾವೇ ಗಡಿಯಾರ. ಬೆಳಿಗ್ಗೆ ಅದು ಕೂಗಿದರೆ ಪಕ್ಕದ ಮನೆಯ ತಿಪ್ಪಣ್ಣಮಾವ ಹಿತ್ತಾಳೆ ಬಿಲ್ಲೆಯನ್ನು ಅಂಗಿಗೆ ಸಿಕ್ಕಿಸಿಕೊಂಡು ಹೊರಡುತ್ತಿದ್ದ. ಬಿಲ್ಲೆ ಇಲ್ಲದವರನ್ನು ಗೇಟಿನವನು ಒಳಗೆ ಬಿಡುತ್ತಿರಲಿಲ್ಲ.

ಪಗಾರದ ದಿನ ಕೊಡುತ್ತೇನೆಂದು ಮಾವ ಗುರುಶಾಂತಪ್ಪ ಸಾಹುಕಾರರಿಂದ ಐವತ್ತು ರೂಪಾಯಿ ಸಾಲ ತಂದಿದ್ದ. ವರ್ಷ ತುಂಬುವಷ್ಟರಲ್ಲಿ ಬಡ್ಡಿಯೇ ಅಸಲನ್ನು ಮೀರಿತು. ಒಂದು ದಿನ ಸಾಹುಕಾರರು ಓಣಿಯ ನಡುವೆ ನಿಂತು ಗುಡುಗಿದರು: "ಸಾಲ ತೀರೋವರೆಗೂ ನಿನ್ನ ಬಿಲ್ಲೆ ನನ್ನ ಹತ್ರ ಒತ್ತೆ ಇರಲಿ!"

ಮಾವ ಬಿಲ್ಲೆ ಬಿಚ್ಚಿ ಕೊಟ್ಟ. ಮರುದಿನದಿಂದ ಕಟ್ಟೆಯ ಮೇಲೆ ಕೂತು ನಮಗೆಲ್ಲ ಶೇಂಗಾ ಸುಲಿದು ಕೊಡತೊಡಗಿದ. ಒಳಗೆ ಅತ್ತೆ ಹಿಟ್ಟಿನ ಡಬ್ಬಿ ಕೆರೆಯುತ್ತಿದ್ದಳು.

ಐದನೇ ದಿನ ಬೆಳಿಗ್ಗೆ ಸಾಹುಕಾರರು ಏದುಸಿರು ಬಿಡುತ್ತಾ ಬಂದರು. "ಏನಯ್ಯಾ, ಕೆಲಸಕ್ಕೇ ಹೋಗ್ತಿಲ್ವಂತೆ! ನನ್ನ ಬಡ್ಡಿ ಎಲ್ಲಿಂದ ಕೊಡ್ತೀಯಾ?"

"ಬಿಲ್ಲೆ ಇದ್ದೋರನ್ನೇ ಒಳಗೆ ಬಿಡೋದು ಸಾಹುಕಾರ್ರೇ. ಅದೀಗ ನಿಮ್ಮ ಹತ್ರ ಐತೆ. ನೀವೇ ಹೋಗಿ ಬರ್ರಿ. ಹದಿನಾಲ್ಕನೇ ಮಗ್ಗ. ಪಂಚೆ ಮಾತ್ರ ಎತ್ತಿ ಕಟ್ಕೊಳ್ರಿ, ಬೆಲ್ಟಿಗೆ ಸಿಕ್ಕೀತು."

ಓಣಿಯೆಲ್ಲ ಬಿದ್ದು ಬಿದ್ದು ನಕ್ಕಿತು. ಸಾಹುಕಾರರು ಜೇಬಿನಿಂದ ಬಿಲ್ಲೆ ತೆಗೆದು ತಾವೇ ಮಾವನ ಅಂಗಿಗೆ ಸಿಕ್ಕಿಸಿದರು. ಮಾವ ಏಳಲಿಲ್ಲ.

"ನಾಲ್ಕು ದಿನದ ಪಗಾರ ಹೋಯ್ತಲ್ರೀ?"

"ಬಡ್ಡಿಯಲ್ಲಿ ಮುರ್ಕೋ ಮಾರಾಯಾ, ಮೊದಲು ಏಳು!"

ಆ ಮಿಲ್ಲು ಮುಚ್ಚಿ ಎಷ್ಟೋ ವರ್ಷವಾಯಿತು. ಭೋಂಗಾದ ಸದ್ದು ಈಗ ನೆನಪಿಗೂ ಸರಿಯಾಗಿ ಬರುವುದಿಲ್ಲ. ಆದರೆ ಸಾಲ ತೀರುವ ತನಕ ದಿನಾ ಅದಕ್ಕಿಂತ ಮೊದಲೇ ಮಾವನ ಬಾಗಿಲು ಬಡಿಯುತ್ತಿದ್ದ ಸಾಹುಕಾರರ ದನಿ ಮಾತ್ರ ಇನ್ನೂ ಕಿವಿಯಲ್ಲಿದೆ:

"ತಿಪ್ಪಣ್ಣಾ, ಏಳಪ್ಪಾ, ಹೊತ್ತಾಯ್ತು!"