ಒಂದೇ ಒಂದು ಫೈಲು

ಮಲಪ್ರಭೆಯ ದಂಡೆಯ ಆ ಆಶ್ರಮದಲ್ಲಿ ಕೊನೆಗೆ ಉಳಿದವರು ಇಬ್ಬರೇ: ಗುರು ಅಡವಯ್ಯನವರು, ಶಿಷ್ಯ ಸೋಮಲಿಂಗ. ಜೊತೆಗೊಂದು ಹಳೇ ಕಂಪ್ಯೂಟರು.

ಹಿರಿಯ ಶಿಷ್ಯೆ ಅಮೃತಕ್ಕ ಹನ್ನೊಂದು ವರ್ಷ ಗುರುಗಳಿಗೆ ದಿನಕ್ಕೊಂದು ಪ್ರಶ್ನೆ ಕೇಳಿ, ಉತ್ತರ ಸಮೇತ ಅದರಲ್ಲಿ ಟೈಪ್ ಮಾಡಿಟ್ಟಿದ್ದಳು. ನಾಲ್ಕು ವರ್ಷದ ಹಿಂದೆ ಅವಳು ತೀರಿಕೊಂಡ ಮೇಲೆ ಸೋಮಲಿಂಗ ಸಂಜೆಗೊಂದು ಪುಟ ಓದುತ್ತಿದ್ದ, ಗುರುಗಳು ಕಣ್ಣು ಮುಚ್ಚಿ ಕೇಳುತ್ತಿದ್ದರು. ಬೇರೆ ಮಾತಿಲ್ಲ.

ಕಂಪ್ಯೂಟರು ಪದೇ ಪದೇ ನಿಂತುಹೋಗತೊಡಗಿತು. ವಿಂಡೋಸ್ ಪಕ್ಕದಲ್ಲಿ, ಹಳೇ ಯಂತ್ರದಲ್ಲೂ ಹಗುರಾಗಿ ಓಡುವ ಲಿನಕ್ಸ್ ಎಂಬ ಇನ್ನೊಂದು ವ್ಯವಸ್ಥೆ ಹಾಕಿದರಾಯಿತು ಎಂದುಕೊಂಡ ಸೋಮಲಿಂಗ. ಹಿಂದೆ ಎರಡು ವರ್ಷ ಕಂಪ್ಯೂಟರ್ ಅಂಗಡಿಯಲ್ಲಿ ಇದ್ದವನಲ್ಲವೇ! ಅಲ್ಪವಿದ್ಯಾ ಮಹಾಗರ್ವಿ.

ಗುರುಗಳು ಹೊಳೆಗೆ ಹೋದಾಗ ಲಿನಕ್ಸಿನ ಸಿಡಿ ಹಾಕಿ ಕೂತ. ಅವರು ಸ್ನಾನ ಮುಗಿಸಿ ಬರುವಷ್ಟರಲ್ಲಿ ಬಾಗಿಲಲ್ಲಿ ನಿಂತು ಅಳುತ್ತಿದ್ದ.

"ಅಪ್ಪಾರ, ಅಕ್ಕ ಬರೆದದ್ದೆಲ್ಲಾ ಹೋತ್ರಿ."

"ಹೆಂಗ ಹೋತು?"

"ಲಿನಕ್ಸಿಗೆ ಜಾಗ ಸಾಲಲಿಲ್ರಿ. ಸಿಡಿಯಿಂದ ನೋಡಿದ್ರ ಡಿಸ್ಕಿನ ತುಂಬ ಒಂದೇ ಒಂದು ದೊಡ್ಡ ಫೈಲು ಇತ್ತು. ತೆರೆಯಾಕ ಬರಲಿಲ್ಲ. ಕಸ ಅಂತ ಅಳಿಸಿಬಿಟ್ಟೆ. ಆಮ್ಯಾಲ ನೋಡಿದ್ರ ಅಕ್ಕನ ಪುಟ ಒಂದೂ ಇಲ್ರಿ."

"ಅದರಾಗ ಇತ್ತಲ್ಲೋ ಎಲ್ಲಾ. ಡಿಸ್ಕು ಸಣ್ಣದಾತು ಅಂತ ಅಮೃತ ಎಲ್ಲಾನೂ ಅದುಮಿ ಒಂದೇ ಫೈಲಿನ್ಯಾಗ ತುಂಬಿದ್ಲು. ವಿಂಡೋಸಿನ್ಯಾಗ ನೋಡಿದ್ರ ಪುಟಾ ಪುಟಾ ಕಾಣತಿತ್ತು, ಹೊರಗಿನಿಂದ ನೋಡಿದ್ರ ಬರೇ ಒಂದು ಮುದ್ದಿ. ಹೊಸದು ಹಾಕೋ ಮೊದಲು ಅದನ್ನ ಬಿಚ್ಚಬೇಕು ಅಂತ ನನಗ ಹೇಳಿದ್ಲು."



"ನಿಮಗ ಗೊತ್ತಿತ್ತೇನ್ರಿ?"

"ಗೊತ್ತಿತ್ತು."

"ಕಂಪ್ಯೂಟರ್ ವಿಷಯ, ನಿಮಗೇನು ಗೊತ್ತಿರತೈತಿ ಅಂದ್ಕೊಂಡೆ ಅಪ್ಪಾರ."

ಗುರುಗಳು ಒದ್ದೆ ಪಂಚೆಯನ್ನು ಹಗ್ಗದ ಮೇಲೆ ಹರವಿದರು.  ಸೋಮಲಿಂಗ ಒಳಗೆ ಹೋಗಿ ತನ್ನ ಚೀಲ ತಂದ.

"ನಾ ಹೊಂಟೆ ಅಪ್ಪಾರ. ಈ ಮುಖ ಇಟ್ಕೊಂಡು ಇಲ್ಲಿ ಇರಲಾರೆ."

"ನಿನ್ನೆ ಏನು ಓದಿದಿ?"

"ನೀವು ಹೇಳಿದ ಉತ್ತರ ನೆನಪೈತ್ರಿ. ಹೊಳೆ ತನ್ನ ದಂಡಿ ತಾನೇ ಕಡೀತೈತಿ ಅಂದಿದ್ರಿ."

"ಅಮೃತ ಕೇಳಿದ್ದೇನು?"

ಸೋಮಲಿಂಗ ನೆನಪಿಸಿಕೊಳ್ಳಲು ನೋಡಿದ. ನಿನ್ನೆಯದಲ್ಲ, ಮೊನ್ನೆಯದಲ್ಲ, ಅಕ್ಕನ ಒಂದು ಪ್ರಶ್ನೆಯೂ ನೆನಪಾಗಲಿಲ್ಲ. ನಾಚಿಕೆಯಿಂದ ತಲೆ ತಗ್ಗಿಸಿದ.

"ಗೊತ್ತಿಲ್ರಿ. ನೀವಾದರೂ ಉತ್ತರ ಮತ್ತೊಮ್ಮೆ ಹೇಳ್ರಿ, ಎಲ್ಲಾ ಬರಕೋತೀನಿ."

"ಯಾವುದಕ್ಕ ಉತ್ತರ?"



ಗುರುಗಳು ಮೂಲೆಯಲ್ಲಿದ್ದ ಅಮೃತಕ್ಕನ ಮಣೆ ತಂದರು. ಧೂಳು ಒರೆಸಿ ತಮ್ಮೆದುರಿಗೆ ಹಾಕಿದರು.

"ಚೀಲ ಇಳಿಸು, ತಮ್ಮಾ. ನಿಂದು ಏನರ ಇದ್ರ ಕೇಳು. ನಾಕು ವರ್ಷ ಆತು, ನನ್ನ ಯಾರೂ ಏನೂ ಕೇಳಿಲ್ಲ."